ಅಕ್ಕನಿಗೆ ಕೇಳಿಸಿದ ಕ್ಲಿಕ್ಕು

ನಮ್ಮ ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಪ್ರಿಂಟರ್ ಕೆಟ್ಟರೂ, ಬಾರ್‌ಕೋಡ್ ಚೀಟಿ ಬಾರದಿದ್ದರೂ, ಕಂಪ್ಯೂಟರ್ ಹ್ಯಾಂಗ್ ಆಗಿ ಕೂತರೂ ಅವರ ಬಾಯಿಂದ ಮೊದಲು ಬೀಳುತ್ತಿದ್ದ ಮಾತು ಒಂದೇ: “ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡೋಣ.” ಹಾಗಾಗಿ ರೀಸ್ಟಾರ್ಟ್ ರಾಯರಾದರು, ಬರಬರುತ್ತ ಬರೀ ರಾಯರು. ನಾನು ಅದೇ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ನನ್ನನ್ನು ಸೂಜಿ ಮೇಡಂ ಅನ್ನುತ್ತಾರೆ. ಹನ್ನೆರಡು ವರ್ಷ ಒಂದೇ ಕಾರಿಡಾರಿನಲ್ಲಿ ಓಡಾಡಿದ್ದೇವೆ, ಒಂದೇ ಫ್ಲಾಸ್ಕಿನ ಚಹಾ ಕುಡಿದಿದ್ದೇವೆ. ಈ ಕಥೆಯನ್ನು ಹೇಳಿ ಅಂತ ಅವರೇ ಅಂದದ್ದರಿಂದ ಹೇಳುತ್ತಿದ್ದೇನೆ. “ಹೇಳಿ ಮೇಡಂ, ನಾಲ್ಕು ಜನಕ್ಕೆ ಗೊತ್ತಾಗ್ಲಿ. ನನ್ನ ಬಾಯಿಂದ ಪೂರ್ತಿ ಬರಲ್ಲ,” ಅಂದರು.

ರಾಯರು ಸಣಕಲು ಆಳು, ವಯಸ್ಸು ನಲವತ್ತಾರು. ಅಂಗಿ ಜೇಬಿನಲ್ಲಿ ಪೆನ್ನಿನ ಜಾಗಕ್ಕೆ ಸ್ಕ್ರೂಡ್ರೈವರ್, ಅದರ ಪಕ್ಕ ಕೀಬೋರ್ಡಿನ ಧೂಳು ತೆಗೆಯಲು ಸವೆದ ಹಲ್ಲುಜ್ಜುವ ಬ್ರಷ್ಷು. ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಯಾರ ಮೇಜಿಗೆ ಬಂದರೂ “ಸ್ವಲ್ಪ ಸರಿತೀರಾ?” ಎಂದು ಕೇಳಿ, ಅವರು ಸರಿದ ಮೇಲೂ ಕುರ್ಚಿಯ ಅಂಚಿನಲ್ಲಷ್ಟೇ ಕೂರುವ ಮನುಷ್ಯ.

ಮೊದಲು ನಮ್ಮ ಲ್ಯಾಬಿನಲ್ಲಿ ಆದದ್ದನ್ನು ಹೇಳಬೇಕು. ಅದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ಮೂರು ವರ್ಷದ ಹಿಂದಿನ ಮಾತು. ನಮ್ಮ ಕಂಪ್ಯೂಟರುಗಳು ಆಗ ಅಪ್‌ಡೇಟನ್ನು ತಾವೇ ಹಾಕಿಕೊಳ್ಳುತ್ತಿದ್ದವು. ಬೆಳಗ್ಗೆ ಎಂಟಕ್ಕೆ, ಬರಿಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರ ಸಾಲು ಬಾಗಿಲಾಚೆ ದಾಟಿರುವಾಗ, ಪರದೆಯ ಮೇಲೆ ಚುಕ್ಕಿಗಳು ಗಿರಗಿರ ತಿರುಗುತ್ತಿದ್ದವು. ಆಫ್ ಮಾಡಬೇಡಿ, ಸ್ವಲ್ಪ ತಾಳಿ ಎಂಬ ಸೂಚನೆ ಬೇರೆ. ಹಸಿದ ಹೊಟ್ಟೆಯವರು ತಾಳುತ್ತಾರೆಯೇ? ಅವರು ನಮ್ಮ ಮೇಲೆ ಹರಿಹಾಯ್ದರು, ನಾವು ರಾಯರ ಮೇಲೆ. ಎಲ್ಲರಿಗಿಂತ ಹೆಚ್ಚು ಕೂಗಾಡಿದವಳು ನಾನೇ. “ಇದನ್ನ ನಿಲ್ಲಿಸ್ತೀರೋ, ಇಲ್ಲ ಸೂಜಿ ನಿಮಗೇ ಚುಚ್ಲೋ?” ಅಂದಿದ್ದೆ. ಅವರು ನಕ್ಕು, ತಾನಾಗಿ ಹಾಕಿಕೊಳ್ಳುವುದನ್ನು ನಿಲ್ಲಿಸಿ, ನಮ್ಮನ್ನು ಕೇಳಿ ಹಾಕಿಕೊಳ್ಳುವಂತೆ ಬದಲಾಯಿಸಿದರು. ಅಂದಿನಿಂದ ಅದು ದಿನಾ ಕೇಳುತ್ತಿತ್ತು, ನಾವು ದಿನಾ ‘ಆಮೇಲೆ’ ಒತ್ತುತ್ತಿದ್ದೆವು. ಎಂಟು ತಿಂಗಳು ಒತ್ತಿದೆವು.

ಒಂದು ಸೋಮವಾರ ಬೆಳಗ್ಗೆ ಯಾವ ಕಡತವೂ ತೆರೆಯಲಿಲ್ಲ. ಹೊರಗಿನ ಯಾರೋ ಇಂಟರ್‌ನೆಟ್ ಮೂಲಕ ಒಳನುಗ್ಗಿ ನಮ್ಮ ಆರು ವರ್ಷದ ರಿಪೋರ್ಟುಗಳಿಗೆಲ್ಲ ಬೀಗ ಜಡಿದಿದ್ದರು. ಆ ದಾರಿಯನ್ನು ಮುಚ್ಚುವ ಅಪ್‌ಡೇಟ್ ಐದು ತಿಂಗಳ ಹಿಂದೆಯೇ ಬಂದಿತ್ತಂತೆ. ನಾವು ‘ಆಮೇಲೆ’ ಅಂದಿದ್ದೆವು. ಬೀಗ ತೆಗೆಯಲು ಅವರು ಹಣ ಕೇಳಿದರು, ಡಾಕ್ಟರು ಕೊಡಲಿಲ್ಲ. ಕೊಟ್ಟಿದ್ದರೂ ಸಿಗುತ್ತಿತ್ತೆಂಬ ಭರವಸೆ ಯಾರಿಗೂ ಇರಲಿಲ್ಲ. ವಾರವಿಡೀ ಜನರನ್ನು ಮತ್ತೆ ಕರೆಸಿ ಮತ್ತೆ ರಕ್ತ ತೆಗೆದೆ. ಒಬ್ಬ ಮುದುಕಿಯ ಎರಡೂ ತೋಳಿನಲ್ಲಿ ನರ ಸಿಗದೆ ಅಂಗೈ ಹಿಂದೆ ಚುಚ್ಚಿದೆ. ಆಕೆ “ಮೊನ್ನೆ ಕೊಟ್ಟಿದ್ದೆನಲ್ಲಮ್ಮ, ಅದನ್ನೇನು ಮಾಡಿದ್ರಿ?” ಎಂದು ಕೇಳಿದಾಗ ರಾಯರು ನನ್ನ ಹಿಂದೆಯೇ ಇದ್ದರು, ತಂತಿ ಸುತ್ತುತ್ತ.

ಲ್ಯಾಬಿನ ಯಜಮಾನರಾದ ಡಾಕ್ಟರು ಎಲ್ಲರನ್ನೂ ಕೂರಿಸಿಕೊಂಡು ಕೇಳಿದರು: “ಅಪ್‌ಡೇಟ್ ಯಾಕೆ ನಿಲ್ಲಿಸಿದ್ರಿ? ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ ಸರ್. ನಾನೇ,” ಅಂದರು ರಾಯರು.

ನಾನು ಬಾಯಿ ಬಿಡಲಿಲ್ಲ. ಚಪ್ಪಲಿಯ ಬಾರು ನೋಡುತ್ತ ಕೂತಿದ್ದೆ. ಇದು ಅವರ ಕಥೆ, ನನ್ನದಲ್ಲ. ಆದರೂ ಇದೊಂದು ಮಾತು ಬಿಟ್ಟು ಹೇಳಿದರೆ ನನ್ನ ನಾಲಿಗೆಗೆ ನಾನೇ ಮೋಸ ಮಾಡಿದಂತೆ.

ಅದಾದ ಮೇಲೆ ರಾಯರು ಬೇರೆಯೇ ಮನುಷ್ಯರಾದರು. ಲ್ಯಾಬಿನ ಅಷ್ಟೂ ಯಂತ್ರಗಳಲ್ಲಿ ಅಪ್‌ಡೇಟ್ ತಾನಾಗಿ ಬೀಳುವಂತೆ ಮಾಡಿ, ಅದನ್ನು ಬದಲಾಯಿಸುವ ದಾರಿಯನ್ನೂ ಮುಚ್ಚಿಟ್ಟರು. ನೆಂಟರಿಷ್ಟರ ಮನೆಗೆ ಹೋದರೆ ಊಟಕ್ಕೆ ಮೊದಲು ಅವರ ಕಂಪ್ಯೂಟರ್ ತೆಗೆದು ನೋಡುತ್ತಿದ್ದರಂತೆ. “ಕೇಳ್ತಾ ಕೂತ್ರೆ ಯಾರೂ ಹೂಂ ಅನ್ನಲ್ಲ ಮೇಡಂ. ಕೇಳಬಾರ್ದು, ಹಾಕ್ಬೇಕು. ಜನ ಏನೂ ಮುಟ್ಟದೆ ಬಿಟ್ರೂ ಅದು ನಡೀಬೇಕು,” ಎಂದು ನನಗೇ ಎಷ್ಟು ಸಲ ಹೇಳಿದರೋ. ತಪ್ಪು ಅನ್ನಲು ನನಗೆ ಬಾಯಿ ಎಲ್ಲಿತ್ತು?

ಈ ಅನಾಹುತದ ಸುದ್ದಿಯನ್ನು ಅವರು ಒಬ್ಬರಿಗೆ ಮಾತ್ರ ಹೇಳಲಿಲ್ಲ. ಅದು ಅವರ ಅಕ್ಕನಿಗೆ.

ಅಕ್ಕ ಅವರಿಗಿಂತ ಎಂಟು ವರ್ಷ ದೊಡ್ಡವರು. ಒಂಬತ್ತನೇ ವಯಸ್ಸಿನಲ್ಲಿ ಬಂದ ಜ್ವರ ಕಣ್ಣನ್ನು ತೆಗೆದುಕೊಂಡು ಹೋಯಿತು. ಕಣ್ಣಿಲ್ಲದವರ ಶಾಲೆಯಲ್ಲಿ ಟೈಪಿಂಗ್ ಕಲಿತರು. ತಾಯಿ ಕಾರ್ಖಾನೆಯ ಪಾಳಿಗೆ ಹೋದಾಗ ತಮ್ಮನಿಗೆ ಉಣಿಸಿ, ತಲೆ ಬಾಚಿ, ಪಾಠ ಒಪ್ಪಿಸಿಕೊಂಡದ್ದೆಲ್ಲ ಅಕ್ಕನೇ. ತಮ್ಮನಿಗೆ ಟೈಪಿಂಗ್ ಕಲಿಸಿದ್ದೂ ಅಕ್ಕನೇ. ಅಡುಗೆಮನೆಯಲ್ಲಿ ನಿಂತೇ “ಪುಟ್ಟ, ಅದಲ್ಲ, ಅದರ ಪಕ್ಕದ್ದು,” ಅನ್ನುತ್ತಿದ್ದರಂತೆ. ಕೀಲಿ ಬಿದ್ದ ಸದ್ದಿನಲ್ಲೇ ತಪ್ಪು ಹಿಡಿಯುವ ಕಿವಿ. ರಾಯರು ಕಂಪ್ಯೂಟರ್ ಕೆಲಸಕ್ಕೆ ಬಂದದ್ದು ಅದೇ ಜಾಡಿನಲ್ಲಿ. “ನಮ್ಮ ಪುಟ್ಟ ದೊಡ್ಡ ಲ್ಯಾಬಿನ ಕಂಪ್ಯೂಟರೆಲ್ಲ ನೋಡ್ಕೊಳ್ತಾನೆ,” ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದರು. ಹಾಗೆ ಹೇಳುವವರ ಮುಂದೆ ಕೂತು, ಆ ದೊಡ್ಡ ಲ್ಯಾಬನ್ನು ನಾನೇ ಮುಳುಗಿಸಿದೆ ಅನ್ನುವುದು ಹೇಗೆ? ರಾಯರು ಅನ್ನಲಿಲ್ಲ.

ಅಕ್ಕನ ಮನೆ ಒಂದು ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ. ಕಿಟಕಿಯ ಬಳಿ ಮೇಜು, ಮೇಜಿನ ಮೂಲೆಗಳಿಗೆ ತಾಗಿದರೆ ನೋಯದಿರಲೆಂದು ಬಟ್ಟೆಯ ಪಟ್ಟಿ ಸುತ್ತಿದೆ. ಆ ಪಟ್ಟಿ ಕೆಳಗಿನ ಟೈಲರಮ್ಮ ಹೊಲಿದುಕೊಟ್ಟದ್ದು. ಒಂದು ವಿಶ್ವವಿದ್ಯಾಲಯದವರು ವಯಸ್ಸಾದವರ ಮಾತುಗಳನ್ನು ಧ್ವನಿಮುದ್ರಿಸಿ ಕಳಿಸುತ್ತಾರೆ. ಅಕ್ಕ ಅದನ್ನು ಕೇಳಿ ಅಕ್ಷರಕ್ಕೆ ಇಳಿಸುತ್ತಾರೆ. ಕೆಮ್ಮಿನ ನಡುವೆ ನುಂಗಿದ ಮಾತೂ ಅವರಿಗೆ ಕೇಳಿಸುತ್ತದಂತೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಒಂದು ತಂತ್ರಾಂಶ ಅವರ ಕಂಪ್ಯೂಟರಿನಲ್ಲಿತ್ತು. ಹನ್ನೊಂದು ವರ್ಷದಿಂದ ಅದೇ ದನಿ. ಅದನ್ನು ಅವರು ಎಷ್ಟು ವೇಗಕ್ಕೆ ಇಟ್ಟಿದ್ದರೆಂದರೆ, ಬೇರೆಯವರ ಕಿವಿಗೆ ಡಬ್ಬದಲ್ಲಿ ಜೇನುನೊಣ ಹಾಕಿ ಅಲ್ಲಾಡಿಸಿದ ಹಾಗೆ. ಆ ದನಿ ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು.

ಒಂದು ಭಾನುವಾರ ಮಧ್ಯಾಹ್ನ ರಾಯರು ಅಕ್ಕನ ಕಂಪ್ಯೂಟರನ್ನು ಬಿಚ್ಚಿ ಧೂಳು ತೆಗೆದು ಮತ್ತೆ ಜೋಡಿಸಿದರು. ಅಕ್ಕ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು.

“ಪುಟ್ಟ, ಇನ್ನೊಂದು ಕೆಲಸ. ಆ ತಾನಾಗಿ ಅಪ್‌ಡೇಟ್ ಆಗೋದಿದೆಯಲ್ಲ, ಅದನ್ನ ನಿಲ್ಸಿಬಿಡು.”

“ಯಾಕಕ್ಕ? ಇರ್ಲಿ ಬಿಡು, ಒಳ್ಳೇದೇ.”

“ಒಳ್ಳೇದು ನಿಂಗೆ. ಹೋದ ಸಲ ಅದು ಬಂದಾಗ ಎಲ್ಲದರ ಜಾಗ ಬದಲಾಯ್ತು. ನನ್ನ ಮನೇಲಿ ಯಾರೋ ಬಂದು ಮಂಚ, ಮೇಜು, ಒಲೆ ಎಲ್ಲ ಎತ್ತಿಟ್ಟು ಹೋದ ಹಾಗೆ. ಮೂರು ವಾರ ತಡಕಾಡಿದೆ. ಹಾಕಬೇಕಾದಾಗ ಹೇಳು, ಇಬ್ರೂ ಕೂತು ಹಾಕೋಣ. ನಾನೇ ನಿಲ್ಸೋಣ ಅಂತ ನೋಡಿದೆ, ಆ ಪುಟಕ್ಕೆ ಹೋದ್ರೆ ಈ ದನಿ ಬರೀ ಗುಂಡಿ, ಗುಂಡಿ, ಗುಂಡಿ ಅನ್ನತ್ತೆ. ಯಾವ ಗುಂಡಿ ಅಂತ ಹೇಳಲ್ಲ.”

“ಆಗ್ಲಿ,” ಎಂದು ರಾಯರು ಆ ಪುಟ ತೆಗೆದರು. ಮೌಸಿನ ಬಾಣವನ್ನು ಗುಂಡಿಯ ಮೇಲೆ ತಂದರು. ಅಲ್ಲಿ ಕೈ ನಿಂತಿತು. ಅಂಗೈ ಹಿಂದೆ ಚುಚ್ಚಿಸಿಕೊಂಡ ಮುದುಕಿ ಕಣ್ಣ ಮುಂದೆ ಬಂದಳಂತೆ. ಅಕ್ಕನ ಹನ್ನೊಂದು ವರ್ಷದ ಕೆಲಸವೆಲ್ಲ ಆ ಡಬ್ಬದೊಳಗಿದೆ. ಅದಕ್ಕೆ ಯಾರಾದರೂ ಬೀಗ ಜಡಿದರೆ?

ಬೇಡ ಅಕ್ಕ, ಯಾಕೆಂದರೆ ಹೀಗೆ ಹೀಗೆ ಆಗಿತ್ತು ಎಂದು ಹೇಳಬಹುದಿತ್ತು. ಹೇಳಿದರೆ ಲ್ಯಾಬಿನ ಕಥೆ ಹೊರಗೆ ಬರಬೇಕು. ಬರೀ ಬೇಡ ಅಂದರೆ ಅಕ್ಕ ವಾದಕ್ಕಿಳಿಯುತ್ತಾರೆ, ವಾದದಲ್ಲಿ ಅವರನ್ನು ಗೆದ್ದವರಿಲ್ಲ. ಹೆಂಡತಿ ಆರು ಗಂಟೆಗೆ ಬಾ ಅಂದಿದ್ದಳು, ಆಗಲೇ ಐದೂವರೆ. ರಾಯರು ಬಾಣವನ್ನು ಗುಂಡಿಯಿಂದ ಸರಿಸಿ, ಪರದೆಯ ಖಾಲಿ ಜಾಗಕ್ಕೆ ತಂದು, ಎರಡು ಸಲ ಕ್ಲಿಕ್ ಮಾಡಿದರು. ಅಕ್ಕನಿಗೆ ಕೇಳಿಸಲೆಂದು ಸ್ವಲ್ಪ ಒತ್ತಿಯೇ ಮಾಡಿದರು.

“ಆಯ್ತಾ?”

“ಆಯ್ತಕ್ಕ.”

“ಸರಿ. ಚಹಾ ಕುಡ್ದು ಹೋಗು.”

ಕುಡಿದು ಹೋದರು.

ಆರೇಳು ತಿಂಗಳು ಏನೂ ಆಗಲಿಲ್ಲ. ಸಣ್ಣಪುಟ್ಟ ಅಪ್‌ಡೇಟುಗಳು ಸದ್ದಿಲ್ಲದೆ ಬಂದು ಕೂತವು, ಅಕ್ಕನಿಗೆ ತಿಳಿಯಲೂ ಇಲ್ಲ. ಮಾಡಿದ್ದೇ ಸರಿ ಎಂದು ರಾಯರಿಗೆ ಒಳಗೊಳಗೇ ಸಮಾಧಾನ. ಆಮೇಲೆ ದೊಡ್ಡದೊಂದು ಬಂತು.

ಅಂದು ಮಂಗಳವಾರ. ಗುರುವಾರ ಒಪ್ಪಿಸಬೇಕಾದ ಧ್ವನಿಮುದ್ರಣವೊಂದರ ಕೊನೆಯ ಭಾಗ ಬಾಕಿಯಿತ್ತು. ಅಕ್ಕ ಬೆಳಗ್ಗೆ ಒಂದು ಗಂಟೆ ಹೊತ್ತು ಕೆಲಸ ಮಾಡಿ, ಸ್ನಾನಕ್ಕೆ ಎದ್ದರು. ಬಂದು ಕೂತು ಕೀಲಿ ಒತ್ತಿದರೆ ದನಿಯಿಲ್ಲ. ಸ್ಪೀಕರಿನ ತಂತಿ ಮುಟ್ಟಿದರು, ಇದೆ. ಪರದೆಗೆ ಅಂಗೈ ಇಟ್ಟರು, ಬೆಚ್ಚಗಿದೆ. ತಮ್ಮನಿಗೆ ಫೋನ್ ಮಾಡಿದರು. ನಮ್ಮಲ್ಲಿ ಪರೀಕ್ಷಾ ಕೋಣೆಗೆ ಫೋನ್ ಒಯ್ಯುವಂತಿಲ್ಲ. ರಾಯರು ಅಂದು ಹೊಸ ಯಂತ್ರ ಕೂರಿಸಲು ಅಲ್ಲೇ ಇದ್ದರು, ಫೋನು ಡ್ರಾಯರಿನಲ್ಲಿತ್ತು. ಅಕ್ಕ ಕೆಳಗಿಳಿದು ಟೈಲರಮ್ಮನನ್ನು ಕರೆತಂದರು. ಆಕೆ ಬಗ್ಗಿ ನೋಡಿ “ಪಾಸ್‌ವರ್ಡ್ ಕೇಳ್ತಿದೆ ನೋಡಿ,” ಅಂದಳು. ಅಕ್ಕ ಒತ್ತಿದರು. “ಈಗ ಚಿತ್ರ ಬಂತು. ಹೂವಿನ ಚಿತ್ರ. ಅದರ ಮೇಲೆ ಏನೇನೋ ಸಣ್ಣ ಸಣ್ಣ ಗುರುತು. ಯಾವುದು ಏನು ಅಂತ ನಂಗೂ ಗೊತ್ತಿಲ್ಲ ಅಕ್ಕಾವ್ರೇ.” ಕೆಳಗೆ ಅಳತೆಗೆ ಬಂದವರು ಕಾಯುತ್ತಿದ್ದರು, ಹೋದಳು.

ಒಂಬತ್ತೂವರೆಯಿಂದ ನಾಲ್ಕರವರೆಗೆ ಅಕ್ಕ ಆ ಮೂಕ ಪೆಟ್ಟಿಗೆಯ ಮುಂದೆ ಕೂತಿದ್ದರು. ನಾನು ಎಲ್ಲಿ ತಪ್ಪಿದೆ, ಸ್ನಾನಕ್ಕೆ ಏಳುವಾಗ ಮೊಣಕೈ ಎಲ್ಲಿ ತಾಗಿತು, ಕೊನೆಗೆ ಒತ್ತಿದ ಕೀಲಿ ಯಾವುದು ಎಂದು ಲೆಕ್ಕ ಹಾಕುತ್ತ.

ರಾಯರು ಹದಿನೇಳು ಮಿಸ್ಡ್ ಕಾಲ್ ನೋಡಿ ಓಡಿದರು. ಬಾಗಿಲಲ್ಲಿ ನಿಂತು ಪರದೆ ನೋಡುತ್ತಲೇ ದೊಡ್ಡ ಅಪ್‌ಡೇಟ್ ಬಿದ್ದಿದೆ ಎಂದು ಅವರಿಗೆ ಗೊತ್ತಾಯಿತು. ಹೊಸ ಹೂವಿನ ಚಿತ್ರ, ಹೊಸ ಅಕ್ಷರ. ಕೇಳುವುದೇನೂ ಇರಲಿಲ್ಲ.

“ಬಂದ್ಯಾ? ನೋಡು ಪುಟ್ಟ, ನಾನೇನಾದ್ರೂ ತಪ್ಪಿ ಒತ್ತಿದ್ನಾ?”

ರಾಯರು ಅಲ್ಲ ಅಕ್ಕ ಅನ್ನಲು ಬಾಯಿ ತೆರೆದದ್ದು ನಿಜ. ಅಲ್ಲ ಅಂದರೆ, ಮತ್ತೆ ಯಾಕೆ ಹೀಗಾಯಿತು ಎಂಬ ಪ್ರಶ್ನೆ ಬರುತ್ತದೆ.

“ಇರಬಹುದಕ್ಕ,” ಅಂದರು. “ಯಾವುದೋ ಕೀ ತಾಗಿರಬೇಕು.”

ತನಗೆ ಕೀಲಿ ಕಲಿಸಿದವಳಿಗೆ ಆಡಿದ ಮಾತು ಅದು.

ಅಕ್ಕ ತಲೆಯಾಡಿಸಿದರು. “ಹಾಗೇ ಅಂದ್ಕೊಂಡೆ,” ಅಂದರು.

ಹಿಂದಿನ ಸ್ಥಿತಿಗೆ ತರಲು ರಾಯರು ಮೂರು ಸಂಜೆ ಹೆಣಗಿದರು. ಹಳೆಯ ದನಿ ಮತ್ತೆ ಏಳಲಿಲ್ಲ. ಅದಕ್ಕೆ ಪರವಾನಗಿ ಕೊಡಬೇಕಾದ ಕಂಪನಿಯೇ ಇರಲಿಲ್ಲವಲ್ಲ. ಹೊಸ ತಂತ್ರಾಂಶ, ಹೊಸ ದನಿ ಹಾಕಿದರು. ಅದು ಒಳ್ಳೆಯದೇ; ಆ ‘ಗುಂಡಿ, ಗುಂಡಿ’ ಪುಟವನ್ನೂ ಸರಿಯಾಗಿ ಓದುತ್ತಿತ್ತು. ಆದರೆ ಅಕ್ಕನಿಗೆ ಅದನ್ನು ನಿಧಾನಕ್ಕಿಟ್ಟರೂ ಹಿಡಿಯಲಾಗುತ್ತಿರಲಿಲ್ಲ. ಗುರುವಾರ ದಾಟಿತು. ಹೇಳಿದ ದಿನಕ್ಕೆ ಕೆಲಸ ಒಪ್ಪಿಸದಿದ್ದದ್ದು ಅವರ ಆಯುಷ್ಯದಲ್ಲೇ ಮೊದಲು.

ದನಿಗಿಂತ ಹೆಚ್ಚಿಗೆ ಕೆಟ್ಟದ್ದು ಬೇರೆ. ಅಕ್ಕ ತಮ್ಮ ಬೆರಳುಗಳನ್ನೇ ನಂಬದಾದರು. ಒಂದು ಸಾಲು ಟೈಪ್ ಮಾಡಿ ನಿಲ್ಲಿಸುವುದು, ಕೀಬೋರ್ಡನ್ನು ತಡವುವುದು, ಮತ್ತೆ ಕೇಳುವುದು. “ಪುಟ್ಟ, ಇದನ್ನ ಒತ್ತಿದ್ರೆ ಏನೂ ಆಗಲ್ಲ ತಾನೆ?” ಎಂದು ಲ್ಯಾಬಿಗೆ ಫೋನು. ಒಂದು ದಿನ ಹಾಲು ಉಕ್ಕಿಸಿದರು, ಯಾರೂ ಉಕ್ಕಿಸುತ್ತಾರೆ. ಅದಕ್ಕೂ ತಲೆ ಹಿಡಿದು ಕೂತರು. ಅವರ ತಾಯಿ ಕೊನೆಯ ನಾಲ್ಕು ವರ್ಷ ಮರೆವಿನ ಕಾಯಿಲೆಯಲ್ಲಿ ಕಳೆದವರು. ಬೀಗದಕೈಯನ್ನು ಹಾಲಿನ ಪಾತ್ರೆಯೊಳಗೆ ಹಾಕಿ ಮನೆಯಿಡೀ ಹುಡುಕುತ್ತಿದ್ದವರು. ನೋಡಿಕೊಂಡವರು ಅಕ್ಕನೇ.

ಹದಿನೈದು ದಿನ ಕಳೆದಿರಬೇಕು, ಒಂದು ಬೆಳಗ್ಗೆ ರಾಯರು ಅಕ್ಕನ ಕೈ ಹಿಡಿದು ನನ್ನ ಕೋಣೆಗೆ ಬಂದರು. ಮರೆವಿಗೆ ಸಂಬಂಧಪಟ್ಟ ಪರೀಕ್ಷೆಗಳ ಚೀಟಿ ಬರೆಸಿಕೊಂಡು ಬಂದಿದ್ದರು. ಆಗ ನನಗೆ ಏನೂ ಗೊತ್ತಿರಲಿಲ್ಲ.

“ನೀವೇ ಸೂಜಿ ಮೇಡಮ್ಮಾ? ನಿಮ್ಮ ಕೈ ಹಗುರ ಅಂತ ಪುಟ್ಟ ಹೇಳ್ತಿರ್ತಾನೆ,” ಅಂದರು ಅಕ್ಕ. ತೋಳು ಚಾಚಿದರು. ನರ ಚೆನ್ನಾಗಿತ್ತು. ಮಾತಿಗಿರಲಿ ಎಂದು ಏನು ತೊಂದರೆ ಎಂದು ಕೇಳಿದೆ.

“ಮೂವತ್ತೈದು ವರ್ಷದಿಂದ ಟೈಪ್ ಮಾಡ್ತಿದ್ದೀನಮ್ಮ. ಮೊನ್ನೆ ಯಾವುದೋ ಕೀ ತಪ್ಪಿ ಒತ್ತಿ ಕಂಪ್ಯೂಟರನ್ನೇ ಮೂಗಿ ಮಾಡಿಬಿಟ್ಟೆ. ತಪ್ಪೋದು ದೊಡ್ಡದಲ್ಲ. ಯಾವುದು ಒತ್ತಿದೆ ಅಂತ ನೆನಪಾಗ್ತಾನೇ ಇಲ್ಲ ನೋಡಿ. ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು.”

ನಾನು ನಾಲ್ಕನೇ ಟ್ಯೂಬು ಹಚ್ಚುತ್ತಿದ್ದೆ. ತಲೆಯೆತ್ತಿದರೆ ಅಕ್ಕನ ಹಿಂದೆ ಅವರ ಚೀಲ, ಬಿಳಿಕೋಲು ಹಿಡಿದು ನಿಂತಿದ್ದ ರಾಯರ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ರಕ್ತ ಕಂಡರೆ ಹೆದರುವ ಆಸಾಮಿಯಲ್ಲ. ಅಕ್ಕನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬಂದು, ಟ್ಯೂಬು ಜೋಡಿಸುವ ಹಿಂದಿನ ಕೋಣೆಯಲ್ಲಿ ನಿಂತು, ನಾನು ಕೇಳುವ ಮೊದಲೇ ಎಲ್ಲವನ್ನೂ ಹೇಳಿದರು. ಭಾನುವಾರ, ಖಾಲಿ ಜಾಗ, ಕ್ಲಿಕ್ಕು, ‘ಇರಬಹುದಕ್ಕ’, ಎಲ್ಲ.

“ನೆಲ ಬಾಯಿ ಬಿಡಬಾರ್ದಾ ಅನ್ನಿಸ್ತಿದೆ ಮೇಡಂ.”

“ನೆಲ ಬಾಯಿ ಬಿಟ್ರೆ ಏನು ಬಂತು ರಾಯರೇ, ಬಾಯಿ ಬಿಡಬೇಕಾದವರು ನೀವು. ನನ್ನ ಹತ್ರ ಯಾಕೆ ಹೇಳ್ತೀರಿ? ಅವರು ಅಲ್ಲಿ ಹೊರಗೆ ಕೂತಿದ್ದಾರೆ.”

“ಇವತ್ತೇ ಹೇಳ್ತೀನಿ,” ಅಂದರು.

ಅಂದು ಹೇಳಲಿಲ್ಲ. ಮರುದಿನವೂ ಇಲ್ಲ. ರಿಪೋರ್ಟ್ ಚೆನ್ನಾಗಿ ಬಂದರೆ ಅಕ್ಕನಿಗೆ ತಾನಾಗಿ ಧೈರ್ಯ ಬರುತ್ತದೆ, ಆಗ ತಾನು ಹೇಳುವ ಅಗತ್ಯವೇ ಇರುವುದಿಲ್ಲ ಎಂದು ಕಾದರಂತೆ. ಇದನ್ನು ಹೇಳುವಾಗ ಅವರಿಗೆ ಉಳಿದೆಲ್ಲಕ್ಕಿಂತ ಹೆಚ್ಚು ನಾಚಿಕೆಯಾಯಿತು. ಗೋಡೆಯ ಕಡೆ ತಿರುಗಿಕೊಂಡರು.

ಶುಕ್ರವಾರ ರಿಪೋರ್ಟ್ ಬಂತು. ಎಲ್ಲ ಸರಿ. ಸಂಜೆ ಒಯ್ದು ಅಕ್ಕನಿಗೆ ಒಂದೊಂದೇ ಅಂಕಿ ಓದಿದರು. ಅಕ್ಕ ಕೇಳಿಸಿಕೊಂಡು ಕೈ ಮಡಿಲಲ್ಲಿಟ್ಟುಕೊಂಡು ಹೇಳಿದರು:

“ರಕ್ತದಲ್ಲಿ ಏನೂ ಇಲ್ಲ ಅಂದ್ರೆ ತಲೇಲೇ ಇದೆ ಅಂತಾಯ್ತು. ಆಗ್ಲಿ. ಇನ್ನು ಕೆಲಸ ಕಳಿಸ್ಬೇಡಿ ಅಂತ ವಿಶ್ವವಿದ್ಯಾಲಯದವರಿಗೆ ಹೇಳಿಬಿಟ್ಟೆ ಇವತ್ತು. ತಪ್ಪು ತಪ್ಪು ಟೈಪ್ ಮಾಡಿ ಯಾರದೋ ಬದುಕಿನ ಮಾತು ಕೆಡಿಸೋದು ಬೇಡ.”

ಆಗ ರಾಯರು ಬಾಯಿ ಬಿಟ್ಟರು.

“ಅಕ್ಕ, ನೀನೇನೂ ಒತ್ತಿಲ್ಲ.”

“ಏನು?”

“ನೀನೇನೂ ತಪ್ಪಿ ಒತ್ತಿಲ್ಲ. ಅಪ್‌ಡೇಟ್ ಬಂದು ಹಾಗಾದದ್ದು. ನಾನು ಅದನ್ನ ನಿಲ್ಸಿರಲಿಲ್ಲ.”

“ನಿಲ್ಸಿದ್ಯಲ್ಲ ಅವತ್ತು. ಕ್ಲಿಕ್ ಮಾಡಿದ ಸದ್ದು ಕೇಳಿಸ್ತಲ್ಲ ನಂಗೆ.”

“ಖಾಲಿ ಜಾಗದಲ್ಲಿ ಮಾಡಿದೆ.”

ಅಕ್ಕನಿಗೆ ಒಮ್ಮೆಗೇ ಅರ್ಥವಾಗಲಿಲ್ಲ. “ಖಾಲಿ ಜಾಗದಲ್ಲಿ ಯಾಕೆ ಮಾಡಿದೆ?”

“ನಿಂಗೆ ಕೇಳಿಸ್ಲಿ ಅಂತ.”

ಕೆಳಗೆ ಹೊಲಿಗೆ ಯಂತ್ರ ಓಡುತ್ತಿತ್ತು, ನಿಂತಿತು, ಮತ್ತೆ ಓಡಿತು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಅಂದರು ರಾಯರು. ಅವರು ತಾವೇ ಬಡಬಡಿಸತೊಡಗಿದರು. ಲ್ಯಾಬಿನಲ್ಲಿ ಹೀಗಾಗಿತ್ತು ಅಕ್ಕ, ಆರು ವರ್ಷದ್ದು ಹೋಯಿತು, ಮುದುಕಿಗೆ ಅಂಗೈ ಹಿಂದೆ ಚುಚ್ಚಿದರು, ನಿನಗೂ ಹಾಗಾಗಬಾರದು ಅಂತ, ನಿನ್ನ ಒಳ್ಳೆಯದಕ್ಕೇ ಅಂತ.

“ಲ್ಯಾಬಿನಲ್ಲಿ ಹೀಗಾಗಿತ್ತಾ? ಯಾವಾಗ?”

“ಮೂರು ವರ್ಷ ಆಯ್ತು.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಎಲ್ಲರ ಹತ್ರ ನನ್ನ ಬಗ್ಗೆ ಹೆಮ್ಮೆಯಿಂದ ಹೇಳ್ಕೊಳ್ತಿದ್ದೆ.”

ಅಕ್ಕ ಹೇಳಿದರಂತೆ: “ಅವತ್ತೇ ಇದನ್ನ ಹೇಳಿದ್ರೆ ನಾನೇ, ಬೇಡ ಪುಟ್ಟ, ನಿಲ್ಸೋದು ಬೇಡ, ಹಾಗೇ ಇರ್ಲಿ ಅಂತಿದ್ದೆನೋ ಏನೋ. ಮೊದ್ಲು ಜಗಳ ಆಡ್ತಿದ್ದೆ, ಆಮೇಲೆ ಒಪ್ಕೋತಿದ್ದೆ. ಬೇರೆ ದನಿ ಈಗಿಂದ್ಲೇ ಕಲೀತೀನಿ ಅಂತಿದ್ದೆ. ನನ್ನ ಕೇಳಬೇಕಿತ್ತು.” ಮತ್ತೆ ತಮ್ಮನ ಕಡೆ ತಿರುಗಿ, “ಆಮೇಲೆ ನಾನೇ ಕೇಳಿದ್ನಲ್ಲ ಪುಟ್ಟ, ನಾನು ತಪ್ಪಿದ್ನಾ ಅಂತ. ಆಗ್ಲಾದ್ರೂ ಹೇಳ್ಬೋದಿತ್ತು. ಅಮ್ಮನ ಹಾಗೆ ಆಗ್ತೀನಿ ಅಂತ ಹದಿನೆಂಟು ದಿನ ನಿದ್ದೆ ಮಾಡಿಲ್ಲ ನಾನು.”

ರಾಯರು ತಲೆ ತಗ್ಗಿಸಿ ನಿಂತಿದ್ದರು. ತಗ್ಗಿಸಿದ್ದು ಅಕ್ಕನಿಗೆ ಕಾಣುವುದಿಲ್ಲ ಎಂಬುದು ಆಗ ಹೊಳೆಯಿತಂತೆ. “ತಪ್ಪಾಯ್ತಕ್ಕ,” ಎಂದು ಬಾಯಿಬಿಟ್ಟು ಹೇಳಿದರು.

“ಹೂಂ,” ಅಂದರು ಅಕ್ಕ.

ಮರುದಿನ ಬೆಳಗ್ಗೆ ಬಾ ಅಂತ ಕರೆಸಿದರು. ಕಂಪ್ಯೂಟರ್ ಮುಂದೆ ತಾವು ಕೂತು, ತಮ್ಮನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಆ ಪುಟವನ್ನು ಹೊಸ ದನಿಯಿಂದ ಸಾಲುಸಾಲಾಗಿ ಓದಿಸಿದರು. ಒಂದೊಂದಕ್ಕೂ ಅರ್ಥ ಕೇಳಿದರು. ಇದು ಬಾರದಿದ್ದರೆ ಏನಾಗುತ್ತದೆ? ಇದು ಬಂದರೆ ಏನು ಬದಲಾಗುತ್ತದೆ? ಕಳ್ಳದಾರಿ ಮುಚ್ಚುವ ಸಣ್ಣ ಅಪ್‌ಡೇಟುಗಳು ತಾವಾಗಿ ಬರಲಿ ಎಂದು ಇಟ್ಟರು. ಎಲ್ಲದರ ಜಾಗ ಕದಲಿಸುವ ದೊಡ್ಡವು ತಮ್ಮನ್ನು ಕೇಳದೆ ಬರಬಾರದೆಂದು ಮಾಡಿದರು. ಎರಡೂ ಗುಂಡಿಯನ್ನು ತಾವೇ ಒತ್ತಿದರು. ರಾಯರ ಕೈ ಮೌಸಿನ ಹತ್ತಿರವೂ ಹೋಗಲಿಲ್ಲ.

ಮುಗಿದ ಮೇಲೆ ಕಿಟಕಿಯಿಂದ ಬಗ್ಗಿ ಕೂಗಿದರು: “ಟೈಲರಮ್ಮ, ಒಂದು ನಿಮಿಷ ಬರ್ತೀರಾ?”

ಟೈಲರಮ್ಮ ಕುತ್ತಿಗೆಯಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದಳು. “ಇಲ್ಲೇನು ಬರೆದಿದೆ, ಸ್ವಲ್ಪ ಓದಿ,” ಅಂದರು ಅಕ್ಕ. ಆಕೆ ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ, ಆ ಎರಡು ಗುಂಡಿಗಳ ಪಕ್ಕದ ಸಾಲು ಓದಲು ಒಳ್ಳೆ ಐದು ನಿಮಿಷ ತೆಗೆದುಕೊಂಡಳು. ಮಗ್ಗುಲಲ್ಲೇ ಕಂಪ್ಯೂಟರ್ ಮನುಷ್ಯನಿರುವಾಗ ತನ್ನನ್ನೇಕೆ ಕರೆದರೆಂದು ಆಕೆಗೆ ಅರ್ಥವಾಗಲಿಲ್ಲ. “ನಿಮ್ಮ ತಮ್ಮ ಇಲ್ಲೇ ಇದ್ದಾರಲ್ಲ ಅಕ್ಕಾವ್ರೇ?” ಅಂದಳು ನಗುತ್ತ.

“ಇದ್ದಾನೆ. ನೀವು ಓದಿ,” ಅಂದರು ಅಕ್ಕ.

ಆ ಐದು ನಿಮಿಷ ಎಲ್ಲಿ ನೋಡಬೇಕೆಂದು ರಾಯರಿಗೆ ತಿಳಿಯಲಿಲ್ಲವಂತೆ.

ವಿಶ್ವವಿದ್ಯಾಲಯದವರು ಅಕ್ಕನನ್ನು ಬಿಡಲಿಲ್ಲ, ಮತ್ತೆ ಕಳಿಸಿದರು. ಹೊಸ ದನಿ ಎರಡು ತಿಂಗಳಲ್ಲಿ ಕಿವಿಗೆ ಹತ್ತಿತು. ಈಗ ಅದನ್ನೂ ಜೇನುನೊಣದ ವೇಗಕ್ಕೆ ಏರಿಸಿದ್ದಾರೆ. ಬೆರಳು ಮೊದಲಿನಂತೆಯೇ ಓಡುತ್ತದೆ. ರಾಯರು ಪ್ರತಿ ಭಾನುವಾರ ಹೋಗುತ್ತಾರೆ, ಚಹಾ ಕುಡಿಯುತ್ತಾರೆ, ಅಕ್ಕ ಅವರನ್ನು ಪುಟ್ಟ ಎಂದೇ ಕರೆಯುತ್ತಾರೆ. ಆ ವಿಷಯವನ್ನು ಇಬ್ಬರೂ ಮತ್ತೆ ಎತ್ತಿಲ್ಲ.

ಲ್ಯಾಬಿನಲ್ಲಿ ಅಪ್‌ಡೇಟ್ ಇಂದಿಗೂ ತಾನಾಗಿಯೇ ಬೀಳುತ್ತದೆ. ಹೊಸದಾಗಿ ಸೇರಿದ ರಿಸೆಪ್ಶನ್ ಹುಡುಗಿ “ಇದನ್ನ ಆಫ್ ಮಾಡ್ಬೋದಾ ಸರ್?” ಎಂದು ಮೊನ್ನೆ ಕೇಳಿದಳು. ರಾಯರು ಕುರ್ಚಿಯ ಅಂಚಿನಲ್ಲಿ ಕೂತು, ಮೂರು ವರ್ಷದ ಹಿಂದೆ ತಾವು ಆಫ್ ಮಾಡಿ ಏನಾಯಿತು ಎಂಬುದನ್ನು ಮುದುಕಿಯ ಅಂಗೈ ಸಮೇತ ಹೇಳಿದರು. “ಆನ್ ಇರಲಿ ಅನ್ನೋದೇ ನನ್ನ ಅಭಿಪ್ರಾಯ ಈಗಲೂ. ಆದ್ರೆ ಆನ್ ಇದೆ ಅಂತ ನಿಮಗೆ ಗೊತ್ತಿರ್ಬೇಕು. ಯಾವ ಹೊತ್ತಿಗೆ ಬೀಳಬೇಕು ಅಂತ ನೀವು ಹೇಳಿ,” ಅಂದರು. ಅವಳು ಮಧ್ಯಾಹ್ನ ಎರಡು ಅಂದಳು. ನಾನು ಹತ್ತಿರವೇ ನಿಂತಿದ್ದೆ. ಆಫ್ ಮಾಡಲು ಕೂಗಾಡಿದ್ದು ನಾನೇ ಎಂದು ಅವಳಿಗೆ ನಾನೂ ಹೇಳಿದೆ. ಡಾಕ್ಟರಿಗೆ ಹೇಳಿದ್ದು ಅದಕ್ಕೂ ಒಂದು ವಾರ ಮೊದಲು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಈಗ ಯಾಕೆ ಹೇಳ್ತೀರಿ ಎಂದು ಕೇಳಿದ್ದರು.

ಹೋದ ಭಾನುವಾರದ ಸಂಗತಿಯನ್ನು ರಾಯರು ನನಗೆ ಸೋಮವಾರ ಹೇಳಿದರು. ಅಕ್ಕನಿಗೆ ವಿಶ್ವವಿದ್ಯಾಲಯದಿಂದ ಕಾಗದದ ಪತ್ರವೊಂದು ಬಂದಿತ್ತಂತೆ. ಓದು ಎಂದು ಕೊಟ್ಟರು. ಒಳ್ಳೆಯ ಪತ್ರವೇ, ಕೆಲಸ ಮೆಚ್ಚಿ, ಇನ್ನೂ ಎರಡು ವರ್ಷ ನೀವೇ ಮಾಡಿಕೊಡಿ ಎಂದು ಬರೆದಿದ್ದರು. ರಾಯರು ಒಂದಕ್ಷರ ಬಿಡದೆ ಓದಿದರು. ಅಕ್ಕ ಸಂತೋಷಪಟ್ಟು, “ಚೆನ್ನಾಗಿ ಬರ್ದಿದ್ದಾರೆ ಅಲ್ವಾ?” ಎಂದು ಪತ್ರ ವಾಪಸು ಪಡೆದು, ನಾಲ್ಕಾಗಿ ಮಡಚಿ, ಮೇಜಿನ ಅಂಚಿನಲ್ಲಿಟ್ಟರು.

“ಎತ್ತಿಡ್ಲಾ ಅಕ್ಕ, ಬೀರುವಿನಲ್ಲಿ?”

“ಬೇಡ, ಅಲ್ಲೇ ಇರ್ಲಿ. ಸಾಯಂಕಾಲ ಟೈಲರಮ್ಮ ಬರ್ತಾಳೆ, ಅವಳೂ ಒಂದ್ಸಲ ಓದ್ಲಿ,” ಅಂದರಂತೆ ಅಕ್ಕ.

ರಾಯರು ಎರಡೂ ಲೋಟ ತೆಗೆದುಕೊಂಡು ಒಳಗೆ ಹೋಗಿ ತೊಳೆದಿಟ್ಟು ಬಂದರು.